ಪೈಥಾನ್ ಮಾಡ್ಯೂಲ್: ಇಂಪೋರ್ಟ್ ಸಾಲಿನಲ್ಲಿ ಏನೇನು ನಡೆಯುತ್ತದೆ

ಫಂಕ್ಷನ್‌ಗಳನ್ನು (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಂಡುಗಳನ್ನು) ಬೇರೆ ಫೈಲಿಗೆ ಹಾಕುವುದು ಸುಲಭ, ಪೈಥಾನಿನಲ್ಲಿ ಅಂಥ ಫೈಲೇ ಮಾಡ್ಯೂಲ್. ‘ಲೆಕ್ಕ’ ಎಂಬ ಫೈಲಿನಲ್ಲಿ ಫಂಕ್ಷನ್‌ಗಳಿರಲಿ, ‘ಮುಖ್ಯ’ ಎಂಬ ಫೈಲಿನಲ್ಲಿ ಅವನ್ನು ಕರೆಯುವ ಕೋಡ್ ಇರಲಿ. ಎರಡೂ ಒಂದೇ ಫೋಲ್ಡರಿನಲ್ಲಿದ್ದರೆ ಮುಖ್ಯದಲ್ಲಿ ‘ಇಂಪೋರ್ಟ್ ಲೆಕ್ಕ’ ಎಂದರೆ ಮುಗಿಯಿತು. ಫೈಲಿನ ಹೆಸರಿನ ಕೊನೆಯ .py ಎಂಬ ಎಕ್ಸ್‌ಟೆನ್ಷನ್ ಸೇರಿಸಬಾರದು. (ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರೂ ನಡೆಯುತ್ತದೆ, ಹಾಗಾಗಿ ಇಲ್ಲಿ ಧೈರ್ಯವಾಗಿ ಕನ್ನಡದ ಹೆಸರುಗಳನ್ನೇ ಇಟ್ಟಿದ್ದೇನೆ.)

ಇಂಪೋರ್ಟ್ ಎಂದರೆ ಆ ಫೈಲು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ರನ್ ಆಗುತ್ತದೆ. ಫಂಕ್ಷನ್ನನ್ನು ಶುರುಮಾಡುವ ಡೆಫ್ (def) ಸಾಲು ಬಂದಾಗ ಫಂಕ್ಷನ್ ಸಿದ್ಧವಾಗುತ್ತದೆ ಅಷ್ಟೇ, ಅದರ ಒಳಗಿನ ಕೋಡ್ ಕರೆದಾಗ ಮಾತ್ರ ನಡೆಯುತ್ತದೆ. ಫಂಕ್ಷನ್ನಿನ ಹೊರಗೆ ಪ್ರಿಂಟ್ ಇದ್ದರೆ ಅದು ಆಗಲೇ ತೆರೆಯ ಮೇಲೆ ಬರುತ್ತದೆ. ಅದೇ ಪ್ರೋಗ್ರಾಮಿನಲ್ಲಿ ಮತ್ತೆ ಇಂಪೋರ್ಟ್ ಮಾಡಿದರೆ ಫೈಲು ಮತ್ತೆ ರನ್ ಆಗುವುದಿಲ್ಲ, ಮೊದಲೇ ತಯಾರಾದ ಮಾಡ್ಯೂಲೇ ಸಿಗುತ್ತದೆ.

ಈಗ ತಲೆ ಕೆಡಿಸುವ ಭಾಗ, ಮಾಡ್ಯೂಲಿನಿಂದ ಬೇಕಾದ ಹೆಸರುಗಳನ್ನಷ್ಟೇ ತರುವ ‘ಫ್ರಮ್’ (from).

ಲೆಕ್ಕದಲ್ಲಿ ‘ಎಣಿಕೆ’ ಎಂಬ ವೇರಿಯಬಲ್ ಇದೆ, ಬೆಲೆ 0. ‘ಏರಿಸು’ ಎಂಬ ಫಂಕ್ಷನ್ ಅದನ್ನು ಗ್ಲೋಬಲ್ (ಫಂಕ್ಷನ್ನಿನ ಹೊರಗಿರುವ, ಇಡೀ ಫೈಲಿನ ವೇರಿಯಬಲ್) ಎಂದು ಹೇಳಿ 1 ಕೂಡಿಸುತ್ತದೆ. ಮುಖ್ಯದಲ್ಲಿ ‘ಫ್ರಮ್ ಲೆಕ್ಕ ಇಂಪೋರ್ಟ್ ಎಣಿಕೆ, ಏರಿಸು’ ಎಂದು ಬರೆದು, ಏರಿಸು ಕರೆದು, ಎಣಿಕೆ ಪ್ರಿಂಟ್ ಮಾಡಿ. ಬರುವುದು 0! ಬರೀ ‘ಇಂಪೋರ್ಟ್ ಲೆಕ್ಕ’ ಎಂದು, ‘ಲೆಕ್ಕ ಚುಕ್ಕೆ ಏರಿಸು’ ಕರೆದು, ‘ಲೆಕ್ಕ ಚುಕ್ಕೆ ಎಣಿಕೆ’ (ಅಂದರೆ ಲೆಕ್ಕ.ಎಣಿಕೆ) ನೋಡಿದರೆ 1.

ಕಾರಣ ಇದು. ಫ್ರಮ್ ಎಂದಾಗ ಮುಖ್ಯದಲ್ಲಿ ಎಣಿಕೆ ಎಂಬ ಹೊಸ ಹೆಸರು ಹುಟ್ಟುತ್ತದೆ, ಅದು ಆ ಕ್ಷಣದ 0ಯನ್ನು ತೋರಿಸುತ್ತದೆ. ಏರಿಸು ಕೆಲಸ ಮಾಡುವುದು ಲೆಕ್ಕದೊಳಗಿನ ಎಣಿಕೆಯ ಮೇಲೆ. ಅದು 1ರ ಕಡೆ ತಿರುಗಿತು, ನಮ್ಮದು 0ಯ ಕಡೆಯೇ ಉಳಿಯಿತು. ಚುಕ್ಕೆ ಹಾಕಿ ಕೇಳಿದರೆ ಪ್ರತಿ ಸಲವೂ ಮಾಡ್ಯೂಲಿನ ಒಳಗೇ ಹೋಗಿ ನೋಡುತ್ತದೆ.

ಎಣಿಕೆಯ ಬದಲು ಲಿಸ್ಟ್ (ಹಲವು ಬೆಲೆಗಳ ಪಟ್ಟಿ) ಇದ್ದು, ಫಂಕ್ಷನ್ ಅದಕ್ಕೆ ಅಪೆಂಡ್ ಮಾಡಿದರೆ, ಅಂದರೆ ಕೊನೆಗೆ ಒಂದು ಬೆಲೆ ಸೇರಿಸಿದರೆ, ಬದಲಾವಣೆ ಎರಡೂ ಕಡೆ ಕಾಣುತ್ತದೆ. ಅಲ್ಲಿ ಹೆಸರು ಬೇರೆ ಕಡೆ ತಿರುಗಿಲ್ಲ, ಎರಡು ಹೆಸರೂ ತೋರಿಸುವ ಒಂದೇ ಲಿಸ್ಟ್ ಬೆಳೆದಿದೆ. ಇದನ್ನು ಟೈಪ್ ಮಾಡಿಯೇ ನೋಡಿ, ಓದಿದರೆ ಸಾಲದು.

ಆದ್ದರಿಂದ ನನ್ನ ರೂಢಿ: ಫಂಕ್ಷನ್‌ಗೆ ಫ್ರಮ್ ಬಳಸುತ್ತೇನೆ, ಬದಲಾಗುವ ಬೆಲೆಗೆ ಚುಕ್ಕೆ.

ಇನ್ನೊಂದು ಎಚ್ಚರ: ನಿಮ್ಮ ಫೈಲಿಗೆ ಪೈಥಾನಿನ ಜೊತೆಗೇ ಬರುವ random ಮಾಡ್ಯೂಲಿನಂತೆ ‘ರ‍್ಯಾಂಡಮ್’ ಎಂದು ಹೆಸರಿಡಬೇಡಿ. ರನ್ ಆಗುತ್ತಿರುವ ಫೈಲಿನ ಫೋಲ್ಡರಿನಲ್ಲಿ ಪೈಥಾನ್ ಮೊದಲು ಹುಡುಕುತ್ತದೆ, ಹಾಗಾಗಿ ಪೈಥಾನಿನ ರ‍್ಯಾಂಡಮ್ ಬದಲು ನಿಮ್ಮದೇ ಫೈಲು ಸಿಗುತ್ತದೆ.