ಮೈಯೆಲ್ಲ ನಾಲಿಗೆ: ಗೆಂಡೆ ಬಿಟ್ಟು ಕ್ಯಾಟ್‌ಫಿಶ್‌ಗೆ ಗಾಳ ಹಾಕುವವರಿಗೆ

ವರ್ಷಗಟ್ಟಲೆ ಕಾಟ್ಲಾ, ರೋಹು, ಗೆಂಡೆಗೆ ಗಾಳ ಹಾಕಿ ಕೈ ಪಳಗಿದವರು ಬಾಳೆ ಮೀನಿನಂಥ ಕ್ಯಾಟ್‌ಫಿಶ್‌ಗಳ, ಅಂದರೆ ಮೀಸೆ ಮೀನುಗಳ, ಆಸೆಗೆ ಬಿದ್ದರೆ ಸಾಮಾನ್ಯವಾಗಿ ಮೊದಮೊದಲು ಬರಿಗೈಯಲ್ಲೇ ವಾಪಸ್ ಬರುತ್ತಾರೆ. ಗಂಟು ಹಾಕುವುದು ಗೊತ್ತು, ದಾರ ಎಸೆಯುವುದು ಗೊತ್ತು, ದೊಡ್ಡ ಮೀನನ್ನು ಆಡಿಸಿ ಸುಸ್ತು ಮಾಡಿ ದಡಕ್ಕೆ ತರುವುದೂ ಗೊತ್ತು. ಆದ್ರೂ ಮೀನು ಸಿಗುವುದಿಲ್ಲ. ಕಾರಣ ಸರಳ. ನಾವು ಇಷ್ಟು ದಿನ ಗಾಳ ಹಾಕಿದ್ದು ಕಣ್ಣಿನಿಂದ. ಬೆಂಡು ಮುಳುಗಿತಾ ಅಂತ ನೋಡುತ್ತೇವೆ, ಕೊರವ ಮೀನಿಗೆ ಎಸೆಯುವ ರಬ್ಬರ್ ಕಪ್ಪೆಯ ಬಣ್ಣ ಆರಿಸುತ್ತೇವೆ, ಮಹಶೀರ್‌ಗೆ ಹಾಕುವ ಸ್ಪೂನ್, ಅಂದರೆ ಲೋಹದ ಹುಸಿ ಎರೆ, ಎಷ್ಟು ಹೊಳೆಯುತ್ತದೆ ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಕ್ಯಾಟ್‌ಫಿಶ್‌ಗಳ ಲೋಕದಲ್ಲಿ ಕಣ್ಣಿಗೆ ಅಷ್ಟೊಂದು ಬೆಲೆ ಇಲ್ಲ. ಅವು ನೀರನ್ನು ರುಚಿ ನೋಡುತ್ತವೆ, ನೀರಿನ ಅಲುಗಾಟವನ್ನು ಓದುತ್ತವೆ. ಹಾಗಾಗಿ ಎರೆ ಎಲ್ಲಿ ಬಿತ್ತು ಅನ್ನುವುದಕ್ಕಿಂತ ಎರೆಯನ್ನು ಮುಟ್ಟಿದ ನೀರು ಎಲ್ಲಿಗೆ ಹೋಗುತ್ತಿದೆ ಅನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ನಮ್ಮ ಕೆರೆ, ಹೊಳೆ, ಹಿನ್ನೀರುಗಳಲ್ಲಿ ಮೀಸೆ ಮೀನುಗಳು ಹಲವು ಬಗೆ. ಬಾಳೆ ಮೀನು ಎಲ್ಲಕ್ಕಿಂತ ದೊಡ್ಡ ಬೇಟೆಗಾರ. ಬೆಳ್ಳಿ ಬಣ್ಣದ ಚಪ್ಪಟೆ ಮೈ, ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದ ಬಾಯಿ, ಅದರೊಳಗೆ ಸಾಲು ಸಾಲು ಸಣ್ಣ ಚೂಪು ಹಲ್ಲು. ಒಂದು ಮೀಟರ್ ದಾಟಿ ಬೆಳೆಯುತ್ತದೆ. ಮುರುಗೋಡು ಮತ್ತು ಚೇಳು ಮೀನು ಕೆಸರಿನವು. ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವೂ ಇರುವುದರಿಂದ ಕೊಳೆತ ನೀರಲ್ಲೂ ಬದುಕುತ್ತವೆ. ಗಿರ್ಲು ಸಣ್ಣದು, ಎಲ್ಲೆಂದರಲ್ಲಿ ಇರುತ್ತದೆ, ಎರೆಹುಳ ಕದಿಯುವುದರಲ್ಲಿ ನಿಸ್ಸೀಮ. ಇವೆಲ್ಲವನ್ನೂ ಒಂದೇ ಥರ ಹಿಡಿಯಬಹುದು ಅಂದುಕೊಂಡರೆ ಅಲ್ಲೇ ಎಡವುತ್ತೀರಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ರುಚಿಯ ವಿಷಯ. ಕ್ಯಾಟ್‌ಫಿಶ್‌ಗೆ ಹುರುಪೆ ಇಲ್ಲ. ಬರೀ ಚರ್ಮ, ಆ ಚರ್ಮದ ತುಂಬ ರುಚಿಮೊಗ್ಗುಗಳು. ಬಾಯಿಯೊಳಗೆ ಮಾತ್ರ ಅಲ್ಲ, ಮೀಸೆ, ತುಟಿ, ಹೊಟ್ಟೆ, ಬೆನ್ನು, ಬಾಲದ ತನಕ. ನಮ್ಮ ನಾಲಿಗೆಯಲ್ಲಿ ಇರುವುದು ಕೆಲವೇ ಸಾವಿರ. ಅಮೆರಿಕದ ಬುಲ್‌ಹೆಡ್ ಅನ್ನುವ ಮೀಸೆ ಮೀನಿನ ಮೈಮೇಲೆ 1 ಲಕ್ಷಕ್ಕೂ ಜಾಸ್ತಿ ಇವೆ. 1967ರಲ್ಲಿ ಬಾರ್ಡಾಕ್, ಟಾಡ್ ಮತ್ತು ಕ್ರಿಕ್ಮರ್ ಅನ್ನುವ ಮೂವರು ಇದೇ ಬಳಗದ ಮೀನುಗಳ ಮೇಲೆ ಒಂದು ಪ್ರಯೋಗ ಮಾಡಿದರು. ಮೂಗು ಕೆಲಸ ಮಾಡದಂತೆ ಮಾಡಿದರೂ ಮೀನು ದೂರದ ಆಹಾರದ ಜಾಡು ಹಿಡಿದು ಬಂತು. ಆದರೆ ಒಂದು ಪಕ್ಕದ ರುಚಿಯಂಗಗಳನ್ನು ತೆಗೆದಾಗ, ಪಾಪ, ಸರಿಯಿದ್ದ ಪಕ್ಕಕ್ಕೇ ತಿರುಗುತ್ತಾ ಸುತ್ತು ಹಾಕತೊಡಗಿತು. ಅಂದರೆ ಅದು ಎಡಗಡೆಯ ರುಚಿಯನ್ನೂ ಬಲಗಡೆಯ ರುಚಿಯನ್ನೂ ಹೋಲಿಸಿ ನೋಡಿ ದಾರಿ ಹುಡುಕುತ್ತದೆ.

ಯಾವ ರುಚಿ? ಮುಖ್ಯವಾಗಿ ಅಮೈನೋ ಆಮ್ಲಗಳದ್ದು. ಮಾಂಸ, ರಕ್ತ, ಹುಳದ ರಸ ಎಲ್ಲದರಿಂದಲೂ ಇವು ಸೋರುತ್ತವೆ. ಚಾನೆಲ್ ಕ್ಯಾಟ್‌ಫಿಶ್ ಮೇಲೆ ಜಾನ್ ಕ್ಯಾಪ್ರಿಯೋ 1970ರ ದಶಕದಲ್ಲಿ ಮಾಡಿದ ಅಳತೆಗಳ ಪ್ರಕಾರ, 1 ಗ್ರಾಂ ಅಲನಿನ್ ಅನ್ನುವ ಅಮೈನೋ ಆಮ್ಲವನ್ನು ಸುಮಾರು 1 ಕೋಟಿ ಲೀಟರ್ ನೀರಿನಲ್ಲಿ ಕದಡಿದರೂ ಅದರ ಮೀಸೆಯ ನರಗಳಿಗೆ ಗೊತ್ತಾಗುತ್ತದೆ. 1 ಕೋಟಿ ಲೀಟರ್ ಅಂದರೆ ಒಂದು ಎಕರೆ ಅಗಲದ, ಎರಡೂವರೆ ಮೀಟರ್ ಆಳದ ಹೊಂಡ! ಹೀಗಿರುವಾಗ ಎರೆಯ ಮೇಲೆ ಅಂಗಡಿಯ ಸುವಾಸನೆ ಎಣ್ಣೆ ಸುರಿಯುವುದು ನನ್ನ ಮಟ್ಟಿಗೆ ದಂಡ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲ, ಮೇಲಕ್ಕೆ ತೇಲಿ ಹೋಗುತ್ತದೆ, ಮೀನು ಇರುವುದು ತಳದಲ್ಲಿ. ಹೊಸದಾಗಿ ಕತ್ತರಿಸಿದ ಮೀನಿನ ತುಂಡು, ಕೋಳಿಯ ಈಲಿ, ಎರೆಹುಳದ ಗೊಂಚಲು, ಸಿಗಡಿ ಇಷ್ಟು ಸಾಕು. ಒಂದೇ ಷರತ್ತು, ಅರ್ಧ ಗಂಟೆಗೊಮ್ಮೆ ಬದಲಾಯಿಸಬೇಕು. ಬಿಳಿಚಿಕೊಂಡ ಈಲಿ ನೋಡಿದ್ದೀರಲ್ವಾ? ಅದರ ರಸವೆಲ್ಲ ಆಗಲೇ ಹೊಳೆಗೆ ಹೋಗಿದೆ. ಗಾಳದಲ್ಲಿ ಉಳಿದದ್ದು ಬರೀ ನಾರು.

ಇಲ್ಲಿ ಗೆಂಡೆಯವರ ಒಂದು ಅಭ್ಯಾಸ ಕೈಕೊಡುತ್ತದೆ. ಗೆಂಡೆಗೆ ನಾವು ಹಿಂಡಿ, ತೌಡು ಉಂಡೆ ಕಟ್ಟಿ ಒಂದೇ ಜಾಗಕ್ಕೆ ಎಸೆದು, ಹಿಂಡು ಬಂದು ಮೇಯಲಿ ಅಂತ ಅಲ್ಲೇ ಬೆಳಗಿನಿಂದ ಸಂಜೆ ತನಕ ಕೂರುತ್ತೇವೆ. ಕ್ಯಾಟ್‌ಫಿಶ್‌ಗೆ ಆ ಥರ ಕಾಯುವುದು ವ್ಯರ್ಥ. ಯಾಕೆಂದರೆ ರುಚಿ ತಾನಾಗಿ ನಡೆದು ಹೋಗುವುದಿಲ್ಲ. ಸ್ವಲ್ಪವೂ ಅಲ್ಲಾಡದ ನೀರಿನಲ್ಲಿ ಅಮೈನೋ ಆಮ್ಲ ಬರೀ ತನ್ನಷ್ಟಕ್ಕೆ ಹರಡುತ್ತಾ ಒಂದು ಮೀಟರ್ ಮುಟ್ಟಬೇಕೆಂದರೆ, ಲೆಕ್ಕ ಹಾಕಿ ನೋಡಿದರೆ 10 ವರ್ಷ ದಾಟುತ್ತದೆ. ತಮಾಷೆಯಲ್ಲ. ರುಚಿಯನ್ನು ಹೊತ್ತೊಯ್ಯುವುದು ಹರಿವು ಮಾತ್ರ.

ಆದ್ದರಿಂದ ಹೊಳೆಯಲ್ಲಾದರೆ ಮೀನು ಅಡಗಿರುವ ಜಾಗಕ್ಕೇ ಗಾಳ ಎಸೆಯಬೇಡಿ. ಬಂಡೆಯ ಸಂದು, ಬಿದ್ದ ಮರದ ಬುಡ, ಮಡುವಿನ ತಳ, ಇವುಗಳಿಂದ ಹತ್ತಿಪ್ಪತ್ತು ಅಡಿ ಮೇಲೆ, ನೀರು ಬರುವ ದಿಕ್ಕಿನಲ್ಲಿ ಎರೆ ಇಳಿಸಿ. ರಸ ಹರಿದುಕೊಂಡು ಅದರ ಮನೆ ಬಾಗಿಲಿಗೆ ಹೋಗುತ್ತದೆ, ಅದು ಹೊರಗೆ ಬಂದು ಹರಿವಿಗೆ ಎದುರಾಗಿ ಈಜಿ ಬರುತ್ತದೆ. ಇನ್ನೊಂದು ಲಾಭವೂ ಇದೆ: ಗಾಳ ಕಚ್ಚಿದ ಮೀನು ಬೇರಿನ ಸಂದಿಗೆ ವಾಪಸ್ ನುಗ್ಗುವ ಮೊದಲು ನಿಮಗೆ ಸ್ವಲ್ಪ ಬಯಲು ಸಿಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಏನೂ ಆಗದಿದ್ದರೆ ಜಾಗ ಬಿಡಿ. ಆ ಹರಿವಿನ ಕೆಳಗೆ ಹಸಿದ ಮೀನು ಇದ್ದಿದ್ದರೆ ಅಷ್ಟೊತ್ತಿಗೆ ಬಂದಿರುತ್ತಿತ್ತು.

ಕೆರೆಯಲ್ಲಿ ಹರಿವು ಎಲ್ಲಿಂದ ಬರಬೇಕು? ಗಾಳಿಯಿಂದ. ಒಂದೇ ದಿಕ್ಕಿಗೆ ಗಂಟೆಗಟ್ಟಲೆ ಗಾಳಿ ಬೀಸಿದರೆ ಮೇಲಿನ ನೀರು ಗಾಳಿಯ ಜೊತೆ ಎದುರು ದಡಕ್ಕೆ ಸರಿಯುತ್ತದೆ, ಅಲ್ಲಿ ಒತ್ತಿಕೊಂಡ ನೀರು ಆಳ ಇರುವ ಕಡೆ ತಳದಲ್ಲಿ ವಾಪಸ್ ಹರಿಯುತ್ತದೆ. ಹಾಗಾಗಿ ತಳದಲ್ಲಿ ಕೂತ ಎರೆಯ ರಸ ಎಷ್ಟೋ ಸಲ ಗಾಳಿ ಬೀಸುವ ದಿಕ್ಕಿಗೆ ಉಲ್ಟಾ ಹೋಗುತ್ತದೆ. ಗಾಳಿ ಮುಖಕ್ಕೆ ಹೊಡೆಯುವ ದಡದಲ್ಲಿ ನಿಂತು, ಹಳೆಯ ಹಳ್ಳದ ಜಾಡಿನ ಹತ್ತಿರವೋ ತೂಬಿನ ಪಕ್ಕದ ಆಳಕ್ಕೋ ಎರೆ ಬಿಟ್ಟರೆ ಅದರ ರಸ ಕೆರೆಯ ನಡುವಿಗೆ ಹೋಗುತ್ತದೆ. ಹಳ್ಳ ಬಂದು ಕೆರೆ ಸೇರುವ ಬಾಯಿ ಇನ್ನೂ ಒಳ್ಳೆಯದು. ಮೊದಲ ಮಳೆಯ ಕೆನ್ನೀರು ಇಳಿಯುವಾಗ ಗೆಂಡೆಯವರು ಬೈದುಕೊಂಡು ರಾಡ್ ಮಡಚುತ್ತಾರೆ. ಕ್ಯಾಟ್‌ಫಿಶ್‌ನವರು ರಾಡ್ ಬಿಚ್ಚುವುದೇ ಆಗ. ಕಲಕು ನೀರಿನಲ್ಲಿ ಕಣ್ಣನ್ನೇ ನಂಬಿದ ಸಣ್ಣ ಮೀನುಗಳು ಕುರುಡಾಗುತ್ತವೆ, ಇವಕ್ಕೆ ಮಾತ್ರ ಏನೂ ನಷ್ಟವಿಲ್ಲ. ರಾತ್ರಿ ಚೆನ್ನಾಗಿ ಕಚ್ಚುವುದೂ ಇದೇ ಕಾರಣಕ್ಕೆ.

ಈಗ ಆಗಲೇ ಬಾಕಿ ಇಟ್ಟ ಮಾತು. ಎಲ್ಲ ಕ್ಯಾಟ್‌ಫಿಶ್‌ಗಳೂ ರುಚಿಯನ್ನೇ ಹಿಡಿದು ಬರುವುದಿಲ್ಲ. 2001ರಲ್ಲಿ ಪೋಲ್‌ಮನ್ ಮತ್ತು ಜೊತೆಯವರು ಯುರೋಪಿನ ವೆಲ್ಸ್ ಅನ್ನುವ ಕ್ಯಾಟ್‌ಫಿಶ್ ಅನ್ನು ಗಪ್ಪಿ ಮೀನುಗಳ ಜೊತೆ ಕಗ್ಗತ್ತಲ ತೊಟ್ಟಿಯಲ್ಲಿ ಬಿಟ್ಟು ಇನ್‌ಫ್ರಾರೆಡ್ ಬೆಳಕಿನಲ್ಲಿ ಚಿತ್ರಿಸಿದರು. ಗಪ್ಪಿ ಈಜಿದ ದಾರಿಯಲ್ಲಿ ನೀರು ಸಣ್ಣಗೆ ಸುಳಿಯುತ್ತಾ ಉಳಿಯುತ್ತದೆ ನೋಡಿ, ವೆಲ್ಸ್ ಆ ದಾರಿಯನ್ನೇ ಹಿಡಿದು, ತಿರುವಿಗೆ ತಿರುವು ಕೂಡ ಬಿಡದೆ, ಹಿಂದಿನಿಂದ ಬಂದು ನುಂಗಿತು. ಹತ್ತು ಸೆಕೆಂಡ್ ಹಳೆಯ ಜಾಡನ್ನೂ ಬಿಡಲಿಲ್ಲ. ರುಚಿಯಿಂದಲೋ ಅಲುಗಾಟದಿಂದಲೋ? ಮೂರು ವರ್ಷದ ನಂತರ ಅದೇ ತಂಡ ಮೀನಿನ ಪಾರ್ಶ್ವರೇಖೆಯನ್ನು, ಅಂದರೆ ಮೈಯ ಪಕ್ಕದಲ್ಲಿ ನೀರಿನ ಚಲನೆ ಅರಿಯುವ ಅಂಗವನ್ನು, ಕೆಲಸ ನಿಲ್ಲಿಸಿ ನೋಡಿತು. ಬೇಟೆ ಸಿಗುವುದು ತೀರಾ ಕಮ್ಮಿಯಾಯಿತು. ಬರೀ ರುಚಿ ಸಾಕಾಗಲಿಲ್ಲ. ಫ್ರಾನ್ಸಿನ ಆಲ್ಬಿ ಊರಿನಲ್ಲಿ ಇದೇ ವೆಲ್ಸ್ ಟಾರ್ನ್ ನದಿಯ ದಡಕ್ಕೆ ಹಾರಿ ನೀರು ಕುಡಿಯುವ ಪಾರಿವಾಳ ಹಿಡಿಯುತ್ತದೆ. 2012ರಲ್ಲಿ ಬಂದ ವರದಿಯ ಪ್ರಕಾರ ನೂರಕ್ಕೆ 28 ಸಲ ಬೇಟೆ ಸಿಕ್ಕಿದೆ. ದಡದಲ್ಲಿ ಸುಮ್ನೆ ನಿಂತ ಪಾರಿವಾಳಕ್ಕೆ ಏನೂ ಆಗುವುದಿಲ್ಲ, ನೀರು ಕದಡಿದ್ದಕ್ಕೆ ಮಾತ್ರ ಗತಿ.

ವೆಲ್ಸ್ ಮತ್ತು ನಮ್ಮ ಬಾಳೆ ಒಂದೇ ಕುಟುಂಬದವು. ಹಾಗಾಗಿ ಮುರುಗೋಡಿಗೆ, ಗಿರ್ಲಿಗೆ ಸತ್ತ ಎರೆ, ರಸ ಸೋರುವ ಎರೆ. ಬಾಳೆಗೆ ಚಲಿಸುವುದು ಏನಾದರೂ ಬೇಕು: ಹರಿವಿನಲ್ಲಿ ತೂಗಾಡುವ ಇಡೀ ಸಣ್ಣ ಮೀನು, ಇಲ್ಲವೇ ಅಗಲ ಬಾಲದ ರಬ್ಬರ್ ಮೀನು. ಕೊರವನಿಗೆ ಎಳೆದ ಹಾಗೆ ಜಗ್ಗಿ, ನಿಲ್ಲಿಸಿ, ಮತ್ತೆ ಜಗ್ಗಿ ಎಳೆಯಬೇಡಿ. ನಿಧಾನಕ್ಕೆ, ಒಂದೇ ಸಮ, ಜಾಡು ಕಡಿಯದ ಹಾಗೆ ರೀಲ್ ಸುತ್ತಿ. ಕೊರವ ಕಣ್ಣಲ್ಲಿ ನೋಡಿ ಹಾರುತ್ತಾನೆ, ಬಾಳೆ ಹಿಂದಿನಿಂದ ಜಾಡು ಹಿಡಿದು ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಗೆಂಡೆಯವರ ಅನುಭವ ಹಾಗೇ ಕೆಲಸಕ್ಕೆ ಬರುತ್ತದೆ, ಅದು ಸದ್ದು. ಗೆಂಡೆ, ಮಹಶೀರ್, ಕ್ಯಾಟ್‌ಫಿಶ್ ಮೂರಕ್ಕೂ ಗಾಳಿಚೀಲದಿಂದ ಒಳಕಿವಿಗೆ ಸದ್ದು ದಾಟಿಸುವ ಪುಟ್ಟ ಮೂಳೆಗಳ ಸರಪಳಿ ಇದೆ. ದಡದಲ್ಲಿ ಧಪ್ ಧಪ್ ಅಂತ ಓಡಾಡಿದರೆ ಗೆಂಡೆಯಷ್ಟೇ ಚೆನ್ನಾಗಿ ಇವಕ್ಕೂ ಕೇಳಿಸುತ್ತದೆ. ವಿದ್ಯುತ್ತಿನ ಅರಿವು ಕೂಡ ಇದೆ. 1917ರಲ್ಲೇ ಪಾರ್ಕರ್ ಮತ್ತು ವ್ಯಾನ್ ಹ್ಯೂಸನ್ ಕಣ್ಣು ಕಟ್ಟಿದ ಕ್ಯಾಟ್‌ಫಿಶ್ ಲೋಹದ ಕಡ್ಡಿ ಹತ್ತಿರ ತಂದಾಗ ಪ್ರತಿಕ್ರಿಯಿಸಿದ್ದನ್ನೂ, ಗಾಜಿನ ಕಡ್ಡಿಗೆ ಹಾಗೆ ಮಾಡದ್ದನ್ನೂ ಗಮನಿಸಿದ್ದರು. ಅದನ್ನು ಓದಿ ಗಾಳದ ಲೋಹ ಬದಲಾಯಿಸಲು ಹೋಗಬೇಡಿ. ಆ ಅರಿವು ಕೆಲಸ ಮಾಡುವುದು ತೀರಾ ಹತ್ತಿರದಲ್ಲಿ, ಕೆಸರಿನೊಳಗಿನ ಹುಳ ಹುಡುಕುವಷ್ಟು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಹತ್ತಿರ ಮುಕ್ಕಾಲು ಪಾಲು ಇದ್ದೇ ಇರುತ್ತದೆ. ಸೀಸದ ಗುಂಡು ದಾರದ ಮೇಲೆ ಜಾರುವಂತಿರಲಿ, ಮೀನು ಎರೆ ಎತ್ತಿಕೊಂಡಾಗ ಭಾರ ತಿಳಿಯಬಾರದು. ಬಾಳೆಯ ಹಲ್ಲಿಗೆ ಸಾದಾ ನೈಲಾನ್ ತಡೆಯುವುದಿಲ್ಲ, ಗಾಳದ ಹತ್ತಿರ ಒಂದೂವರೆ ಅಡಿ ತಂತಿ ಬೇಕು. ಬದಲಾಯಿಸಲೇಬೇಕಾದ್ದು ಗಾಳ. ಕ್ಯಾಟ್‌ಫಿಶ್ ಎರೆಯನ್ನು ಚೀಪಿ ನೋಡಿ ಉಗಿಯುವ ಜಾತಿಯಲ್ಲ, ಪೂರ್ತಿ ನುಂಗುತ್ತದೆ. ಸಾದಾ ಗಾಳ ಹೊಟ್ಟೆಯಲ್ಲಿ ಸಿಕ್ಕಿಕೊಂಡರೆ ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ಸರ್ಕಲ್ ಹುಕ್‌ನ ಮೊನೆ ಒಳಕ್ಕೆ ಬಾಗಿರುತ್ತದೆ. ಗಂಟಲಿಂದ ಜಾರಿ ಬಂದು, ಮೀನು ತಿರುಗಿದಾಗ ದವಡೆಯ ಮೂಲೆಗೆ ಕೂರುತ್ತದೆ. ಆದರೆ ಒಂದು ಕಷ್ಟ ಇದೆ, ಅದು ನಿಮ್ಮ ಕೈಯದ್ದು. ರಾಡ್ ತುದಿ ಟಕ್ ಟಕ್ ಅಂದ ಕೂಡಲೇ ಎಳೆಯುವ ಅಭ್ಯಾಸ ಇಷ್ಟು ವರ್ಷ ಅನ್ನ ಹಾಕಿದೆ, ಇಲ್ಲಿ ಅದೇ ಶತ್ರು. ಎಳೆದರೆ ಸರ್ಕಲ್ ಹುಕ್ ಬಾಯಿಂದ ಸುಮ್ನೆ ಹೊರಗೆ ಬರುತ್ತದೆ. ಟಕ್ ಟಕ್ ಆಗಲಿ, ದಾರ ಬಿಗಿಯಲಿ, ರಾಡ್ ಪೂರ್ತಿ ಬಗ್ಗಿ ಭಾರ ನಿಂತ ಮೇಲೆ ನಿಧಾನಕ್ಕೆ ರೀಲ್ ಸುತ್ತಲು ಶುರು ಮಾಡಿ. ಆ ನಾಲ್ಕೈದು ಸೆಕೆಂಡ್ ಕೈ ಕಟ್ಟಿ ಕೂರುವುದೇ ಇಡೀ ಕಲಿಕೆಯಲ್ಲಿ ಅತಿ ಕಷ್ಟದ್ದು.

ಎಲ್ಲೆಂದರಲ್ಲಿ ಗಾಳ ಹಾಕಲೂ ಬರುವುದಿಲ್ಲ. ಅಭಯಾರಣ್ಯದ ಹೊಳೆಗಳು ಬೇಡ. ಕೆರೆ, ಜಲಾಶಯಗಳು ಗುತ್ತಿಗೆಗೋ ಪರವಾನಗಿಗೋ ಒಳಪಟ್ಟಿರುತ್ತವೆ, ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲೋ ಗುತ್ತಿಗೆದಾರರ ಹತ್ತಿರವೋ ಕೇಳಿ. ಬಾಳೆ ಮೀನು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾಗಬಲ್ಲ (ವಲ್ನರಬಲ್) ಮೀನು, ಹಿಡಿದರೆ ಬಿಡುವುದೇ ವಾಸಿ. ಆದರೆ ಊರ ಕೆರೆಯಲ್ಲಿ ಮೂರು ನಾಲ್ಕು ಕೆಜಿ ತೂಗುವ ಕಪ್ಪು ಮುರುಗೋಡು ಸಿಕ್ಕರೆ ಅದು ಹೆಚ್ಚುಕಡಿಮೆ ಆಫ್ರಿಕನ್ ಕ್ಯಾಟ್‌ಫಿಶ್ಶೇ, ನಮ್ಮ ಮುರುಗೋಡು ಅಷ್ಟು ಬೆಳೆಯುವುದಿಲ್ಲ. ನಮ್ಮ ದೇಶದಲ್ಲಿ ಅದನ್ನು ಸಾಕುವುದಕ್ಕೆ ನಿಷೇಧ ಇದೆ. ಕೆರೆಗೆ ಸೇರಿದರೆ ಸ್ಥಳೀಯ ಮೀನುಗಳನ್ನು ತಿಂದು ಹಾಕುತ್ತದೆ. ಅದನ್ನು ಮಾತ್ರ ವಾಪಸ್ ಬಿಡಬೇಡಿ. ಚರಂಡಿ ನೀರು ಸೇರುವ ಕೆರೆಯದ್ದಾದರೆ ಸಾರಿಗೂ ಹಾಕಬೇಡಿ.

ಕೊನೆಯದಾಗಿ, ಹಿಡಿದ ಮೇಲೆ ಕೈ ಎಲ್ಲಿ ಇಡಬೇಕು ಅನ್ನುವುದು. ಗೆಂಡೆಯನ್ನು ಹಿಡಿದ ಹಾಗೆ ಎದೆ ಅಡಿಗೆ ಅಂಗೈ ಕೊಟ್ಟರೆ ಮುಗೀತು. ಎದೆಯ ಎರಡೂ ಪಕ್ಕ ಒಂದೊಂದು ಮುಳ್ಳು, ಗಿರ್ಲಿಗೆ ಬೆನ್ನಿನ ಮೇಲೂ ಒಂದು. ಗಾಬರಿಯಾದಾಗ ಮೀನು ಅವನ್ನು ನೆಟ್ಟಗೆ ನಿಲ್ಲಿಸುತ್ತದೆ. ಮುಳ್ಳಿನ ಬುಡದಲ್ಲಿ ಮೂಳೆಗೆ ಮೂಳೆ ಸಿಕ್ಕಿಸುವ ಕೀಲಿ ಇರುವುದರಿಂದ ಒತ್ತಿದರೆ ಮಡಚುವುದಿಲ್ಲ, ಮೀನು ಸತ್ತ ಮೇಲೂ ಹಾಗೇ ನಿಂತಿರುತ್ತದೆ. ಗಿರ್ಲು ಕೈಯಲ್ಲಿ ಕಿರ್ ಕಿರ್ ಅನ್ನುವುದು ಬಾಯಿಂದಲ್ಲ, ಆ ಮುಳ್ಳಿನ ಬುಡ ತಿಕ್ಕಿ. ಹಿಂದಿನಿಂದ ಕೈ ತಂದು, ಪಕ್ಕದ ಮುಳ್ಳುಗಳ ಹಿಂಬದಿಗೆ ತೋರುಬೆರಳು ಮತ್ತು ಹೆಬ್ಬೆರಳಿನ ಸಂದು ಒತ್ತಿಕೊಳ್ಳುವಂತೆ ಹಿಡಿದರೆ ಮುಳ್ಳು ಬೆರಳಿನ ಮುಂದೆ ಉಳಿಯುತ್ತದೆ. ಬಾಳೆಯ ಬಾಯಿಗೆ ಬೆರಳು ಹಾಕುವ ಯೋಚನೆಯೇ ಬೇಡ, ಇಕ್ಕಳ ತೆಗೆದುಕೊಳ್ಳಿ. ಚೇಳು ಮೀನಿನ ಮುಳ್ಳಲ್ಲಿ ನಿಜಕ್ಕೂ ವಿಷ ಇದೆ, ಚುಚ್ಚಿದರೆ ತೋಳಿನ ತನಕ ಉರಿ ಏರುತ್ತದೆ. ಫ್ಲಾಸ್ಕಿನಲ್ಲಿ ಬಿಸಿನೀರು ಇದ್ದರೆ ತಣ್ಣೀರು ಬೆರೆಸಿ, ಚರ್ಮ ಸುಡದೆ ತಡೆದುಕೊಳ್ಳುವಷ್ಟು, ಸುಮಾರು 45 ಡಿಗ್ರಿಗೆ ತಂದು, ಚುಚ್ಚಿದ ಜಾಗವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಡಿ. ನೋವು ಗಮನಾರ್ಹವಾಗಿ ಇಳಿಯುತ್ತದೆ. ಮುಳ್ಳಿನ ತುದಿ ಒಳಗೇ ಮುರಿದಿದ್ದರೆ ಅಥವಾ ಮಾರನೇ ದಿನವೂ ಊತ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡಿದ್ದು ಅಂತ ನೆನಪು ಮಾಡಿಕೊಂಡು.