ಮುಂಗಾರು ಬೇಗ ಬಂದ್ರೆ ಮಳೆ ಜಾಸ್ತಿ ಅಂತ ಬರೀಬಹುದಾ ಮಾಷ್ಟ್ರೇ?

ಪ್ರಶ್ನೆ: "ಮುಂಗಾರು ಕೇರಳಕ್ಕೆ ಬರುವುದು ಜೂನ್ 1ಕ್ಕೆ ಅಂತ ಪುಸ್ತಕದಲ್ಲಿದೆ. 2025ರಲ್ಲಿ ಮೇ 24ಕ್ಕೇ ಬಂತು ಅಂತ ಪೇಪರಿನಲ್ಲಿದೆ. ಪರೀಕ್ಷೆಗೆ ಯಾವುದನ್ನು ಬರೀಬೇಕು? ಬೇಗ ಬಂದದ್ದಕ್ಕೇ ಆ ವರ್ಷ ಮಳೆ ಜಾಸ್ತಿ ಆಯ್ತು ಅಂತ ಬರೀಬಹುದಾ ಮಾಷ್ಟ್ರೇ?"

ಇದಕ್ಕೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಯುಪಿಎಸ್‌ಸಿ ಪರೀಕ್ಷೆಗೆ ಓದುವವರ ಭಾನುವಾರದ ಕ್ಲಾಸಿನಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ನಿಂತುಕೊಂಡು ಹೇಳಿದ್ದೇನೆ, ಒಮ್ಮೆ ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರುವ ಮೊದಲೂ ಹೇಳಿದ್ದೇನೆ. ಈಗ ಬರೆದೇ ಇಡುತ್ತೇನೆ. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

ಮೊದಲ ಅರ್ಧ ಸುಲಭ. ಎರಡೂ ಸರಿ. ಜೂನ್ 1 ಸರಾಸರಿ ದಿನ, ಮೇ 24 ಆ ವರ್ಷದ ದಿನ. ಸರಾಸರಿಗಿಂತ ಒಂದು ವಾರ ಆಚೀಚೆ ಆಗುವುದು ಮಾಮೂಲು. 2020ರಲ್ಲಿ ಹವಾಮಾನ ಇಲಾಖೆ ಮುಂಗಾರಿನ ದಿನಗಳ ಪಟ್ಟಿಯನ್ನು ಹೊಸ ಲೆಕ್ಕ ಹಾಕಿ ಬದಲಿಸಿತು. ಇಡೀ ದೇಶವನ್ನು ಆವರಿಸುವ ದಿನ ಜುಲೈ 15ರಿಂದ ಜುಲೈ 8ಕ್ಕೆ ಬಂತು. ವಾಯವ್ಯ ರಾಜಸ್ಥಾನದಿಂದ ಹಿಂದೆ ಸರಿಯುವ ದಿನ ಸೆಪ್ಟೆಂಬರ್ 1ರಿಂದ 17ಕ್ಕೆ ಹೋಯಿತು. ಕೇರಳದ ಜೂನ್ 1 ಮಾತ್ರ ಅಲ್ಲೇ ಉಳಿಯಿತು. ಹಳೆ ಪುಸ್ತಕ ಇಟ್ಟುಕೊಂಡು ಓದುವವರು ಈ ಎರಡು ದಿನಗಳನ್ನು ಪೆನ್ಸಿಲಿನಲ್ಲಿ ತಿದ್ದಿಕೊಳ್ಳಿ.

"ಮುಂಗಾರು ಬಂತು ಅಂತ ಯಾರು, ಹೇಗೆ ತೀರ್ಮಾನ ಮಾಡ್ತಾರೆ?" ಅಂತ ನಾನು ತಿರುಗಿ ಕೇಳಿದರೆ ಕ್ಲಾಸಿನಲ್ಲಿ ಎಲ್ಲರೂ ಫ್ಯಾನು ನೋಡುತ್ತಾರೆ. ಕೂಡ್ಲಿನಿಂದ ಬರುವ ಹುಡುಗಿಯೊಬ್ಬಳು ಧೈರ್ಯ ಮಾಡಿ "ತಿರುವನಂತಪುರದಲ್ಲಿ ಮಳೆ ಬಂದ್ರೆ?" ಅಂದಳು. ತಿರುವನಂತಪುರವೂ ಲೆಕ್ಕದಲ್ಲಿ ಇದೆ, ನಿನ್ನ ಊರೂ ಇದೆ ಅಂದೆ. ನಂಬಲಿಲ್ಲ. ಫೋನ್ ತೆಗೆದು ಹುಡುಕಿ, ಪಟ್ಟಿಯಲ್ಲಿ 'ಕೂಡ್ಲು' ಕಂಡ ಮೇಲೆ ಪಕ್ಕದವಳಿಗೂ ತೋರಿಸಿದಳು.

ಒಟ್ಟು 14 ಕೇಂದ್ರಗಳು: ಮಿನಿಕಾಯ್, ಅಮಿನಿ, ತಿರುವನಂತಪುರ, ಪುನಲೂರು, ಕೊಲ್ಲಂ, ಆಲಪ್ಪುಳ, ಕೋಟ್ಟಯಂ, ಕೊಚ್ಚಿ, ತ್ರಿಶೂರು, ಕೋಝಿಕ್ಕೋಡ್, ತಲಶ್ಶೇರಿ, ಕಣ್ಣೂರು, ಕೂಡ್ಲು, ಮಂಗಳೂರು. ಕೇರಳದ ಮುಂಗಾರನ್ನು ತೀರ್ಮಾನಿಸುವ ಪಟ್ಟಿಯಲ್ಲಿ ಲಕ್ಷದ್ವೀಪದ ಎರಡು, ಕರ್ನಾಟಕದ ಒಂದು ಊರು ಇದೆ ಎನ್ನುವುದನ್ನು ಗಮನಿಸಿ. ಪ್ರಶ್ನೆ ಮಾಡುವವರಿಗೆ ಇಂಥದ್ದು ಬಹಳ ಇಷ್ಟ. ಮೇ 10ರ ನಂತರ ಇವುಗಳಲ್ಲಿ ಶೇ. 60, ಅಂದರೆ ಕನಿಷ್ಠ 9 ಕೇಂದ್ರಗಳಲ್ಲಿ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆ ಬೀಳಬೇಕು. 2.5 ಮಿ.ಮೀ. ಅಂದರೆ ಏನು ಮಹಾ ಅಲ್ಲ. ಅಡಿಕೆ ಒಣಗಿಸುವ ಅಂಗಳದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗಕ್ಕೆ ಎರಡೂವರೆ ಲೀಟರ್ ನೀರು. ಅಷ್ಟೇ.

ಮಳೆ ಒಂದೇ ಸಾಲದು. ಪಶ್ಚಿಮದ ಗಾಳಿ ಮೇಲೆ 600 ಹೆಕ್ಟೊಪಾಸ್ಕಲ್ ಒತ್ತಡದ ಮಟ್ಟದವರೆಗೆ, ಅಂದರೆ ನಾಲ್ಕು ಕಿಲೋಮೀಟರಿಗೂ ಎತ್ತರಕ್ಕೆ, ದಪ್ಪವಾಗಿ ಬೀಸಬೇಕು. ಕೆಳಮಟ್ಟದಲ್ಲಿ ಅದರ ವೇಗ 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿ.ಮೀ.) ಇರಬೇಕು. ಭೂಮಿಯಿಂದ ಆಕಾಶಕ್ಕೆ ಹೋಗುವ ಶಾಖ ಚದರ ಮೀಟರಿಗೆ 200 ವಾಟ್‌ಗಿಂತ ಕೆಳಗೆ ಇಳಿದಿರಬೇಕು. ಈ ಕೊನೆಯದು ಎಲ್ಲರನ್ನೂ ಹೆದರಿಸುತ್ತದೆ. ಸುಮ್ನೆ ಹೀಗೆ ಯೋಚಿಸಿ: ಮೋಡ ದಟ್ಟವಾಗಿದ್ದರೆ ಕೆಳಗಿನ ಶಾಖ ಹೊರಗೆ ಹೋಗುವುದಿಲ್ಲ, ಉಪಗ್ರಹಕ್ಕೆ ಕಾಣುವ ಅಂಕಿ ಸಣ್ಣದಾಗುತ್ತದೆ. ಇವೆಲ್ಲ ಕೂಡಿ ಬಂದರೆ ಎರಡನೇ ದಿನ ಘೋಷಣೆ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಸಂಜೆ ಬಂದು ತೆಂಗಿನ ಗರಿ ಮುರಿದು ಹೋಗುವ ಮಳೆ ಎಷ್ಟೇ ಜೋರಿದ್ದರೂ ಮುಂಗಾರು ಅಲ್ಲ ಎನ್ನುವುದು ಇದೇ ಕಾರಣಕ್ಕೆ.

ನಮ್ಮ ಕಡೆ ಬೇರೆ ಲೆಕ್ಕವೂ ಇತ್ತು. ತುಳು ತಿಂಗಳು ಬೇಶದ ಹತ್ತನೇ ದಿನ ಪತ್ತನಾಜೆ. ಮೇ 24ರ ಆಸುಪಾಸು ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ಆ ದಿನ ಹತ್ತು ಹನಿಯಾದರೂ ಬೀಳಬೇಕು ಅಂತ ಹಿರಿಯರ ಮಾತು. 2025ರಲ್ಲಿ ಹತ್ತು ಹನಿಯಲ್ಲ, ಇಲಾಖೆಯ ಘೋಷಣೆಯೇ ಮೇ 24ಕ್ಕೆ ಬಂತು. ಕಾಸರಗೋಡು ಜಿಲ್ಲೆ ಆದದ್ದೂ ಮೇ 24ರಂದೇ, 1984ರಲ್ಲಿ. ಇದನ್ನು ಕಾಕತಾಳೀಯ ಅಂತಲೇ ಇಟ್ಟುಕೊಳ್ಳಿ, ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ.

ಈಗ ಎರಡನೇ ಅರ್ಧ. ಬೇಗ ಬಂದರೆ ಮಳೆ ಜಾಸ್ತಿ.

ಈ ಮಾತು ಎಲ್ಲಿಂದ ಹುಟ್ಟಿತೋ. ಒಂದು ಕೋಚಿಂಗ್ ಕೇಂದ್ರದ ನೋಟ್ಸಿನಲ್ಲಿ ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ ಬರೆದದ್ದನ್ನು ನಾನೇ ನೋಡಿದ್ದೇನೆ. ಊರಿನ ಅನುಭವ ಅಂತ ಕೆಲವರು ಸಮರ್ಥಿಸುತ್ತಾರೆ. ಯಾವ ಊರು ಮಾರಾಯ್ರೆ? ನಮ್ಮ ಅಡಿಕೆ ಕೃಷಿಕರನ್ನು ಕೇಳಿ. ಕೊಳೆರೋಗ ಬಾರದ ಹಾಗೆ ಮೈಲುತುತ್ತು, ಸುಣ್ಣ ಕಲಸಿ ಮೊದಲ ಸಲ ಮದ್ದು ಬಿಡಬೇಕಾದದ್ದು ಮಳೆ ಹಿಡಿಯುವ ಮೊದಲು. 2025ರ ಮೇಯಲ್ಲಿ ತಂದಿಟ್ಟ ಮೈಲುತುತ್ತು ಎಷ್ಟೋ ಮನೆಗಳ ಚಾವಡಿಯ ಮೂಲೆಯಲ್ಲೇ ಕೂತಿತ್ತು. ಮರ ಹತ್ತುವವರು ಸಿಕ್ಕಿದ ದಿನ ಮಳೆ ಬಿಡಲಿಲ್ಲ, ಮಳೆ ಬಿಟ್ಟ ದಿನ ಅವರು ಸಿಗಲಿಲ್ಲ. ಬೇಗ ಬಂದ ಮುಂಗಾರನ್ನು ಒಳ್ಳೆಯದು ಅಂದ ಒಬ್ಬ ಅಡಿಕೆ ಬೆಳೆಗಾರನನ್ನೂ ನಾನು ಆ ತಿಂಗಳು ನೋಡಲಿಲ್ಲ.

ಸರಿ, ಅಂಕಿಗೆ ಬನ್ನಿ. ದಾಖಲೆಯಲ್ಲಿ ಅತಿ ಬೇಗ ಮುಂಗಾರು ಬಂದ ವರ್ಷ 1918, ಮೇ 11ಕ್ಕೆ. ಆ ವರ್ಷ ಏನಾಯಿತು? ದೇಶ ಕಂಡ ದೊಡ್ಡ ಬರಗಳಲ್ಲಿ ಒಂದು. ಮೇಲಿಂದ ಇನ್‌ಫ್ಲುಯೆಂಜಾ ಬೇರೆ. ಇಷ್ಟು ಹೇಳಿದ ಮೇಲೆ ನಾನು ಪುಸ್ತಕ ಮುಚ್ಚಬಹುದು. ಆದರೆ "ಅದು ಹಳೇ ಕಾಲದ್ದು ಮಾಷ್ಟ್ರೇ" ಅನ್ನುವವರಿದ್ದಾರೆ. ಹಾಗಾದರೆ 2009 ತೆಗೆದುಕೊಳ್ಳಿ. 2025ಕ್ಕಿಂತ ಒಂದು ದಿನ ಮೊದಲೇ, ಮೇ 23ಕ್ಕೆ ಬಂದಿತ್ತು. ಎರಡೇ ದಿನಕ್ಕೆ ಐಲಾ ಚಂಡಮಾರುತ ಬಂಗಾಳದ ಕರಾವಳಿಗೆ ಅಪ್ಪಳಿಸಿತು, ಆಮೇಲೆ ಮುಂಗಾರಿನ ನಡಿಗೆ ಜಗ್ಗಿ ನಿಂತಿತು. ದೇಶದಲ್ಲಿ ಜೂನ್ ತಿಂಗಳ ಮಳೆ ಅರ್ಧಕ್ಕೆ ಹತ್ತಿರ ಕಡಿಮೆ. ನಾಲ್ಕು ತಿಂಗಳು ಮುಗಿದಾಗ ಲೆಕ್ಕ ದೀರ್ಘಾವಧಿ ಸರಾಸರಿಯ ಶೇ. 78. ಬರ.

ಈಗ 2019. ಬಂದದ್ದು ಜೂನ್ 8ಕ್ಕೆ, ಒಂದು ವಾರ ತಡ. ಜೂನ್‌ನಲ್ಲಿ ಮೂರನೇ ಒಂದು ಪಾಲು ಕೊರತೆ. ಎಲ್ಲರೂ ಬರ ಬರ ಅಂದರು. ಆಗಸ್ಟಿನಲ್ಲಿ ಕೇರಳದ ಕವಳಪ್ಪಾರ, ಪುತ್ತುಮಲದಲ್ಲಿ ಗುಡ್ಡ ಜರಿಯಿತು, ಉತ್ತರ ಕರ್ನಾಟಕ ಮುಳುಗಿತು. ಮುಂಗಾರು ಹಿಂದೆ ಸರಿಯಲು ಶುರು ಮಾಡಿದ್ದೇ ಅಕ್ಟೋಬರ್ 9ಕ್ಕೆ. ಒಟ್ಟು ಮಳೆ ಸರಾಸರಿಯ ಶೇ. 110. ಇದನ್ನು 2009ರ ಪಕ್ಕದಲ್ಲಿ ಇಟ್ಟು ಒಮ್ಮೆ ನೋಡಿ. ಬೇಗ ಬಂದದ್ದು ಬರ, ತಡವಾಗಿ ಬಂದದ್ದು ನೆರೆ.

ಇಷ್ಟಾದ ಮೇಲೆ ಒಬ್ಬ ಜಾಣ ಯಾವಾಗಲೂ ಕೈ ಎತ್ತುತ್ತಾನೆ. "ಹಾಗಾದ್ರೆ ತಡವಾದ್ರೆ ಒಳ್ಳೆ ಮಳೆ, ಅಲ್ವಾ?" ಅಲ್ಲ. ಅತಿ ತಡವಾಗಿ ಬಂದದ್ದು 1972ರಲ್ಲಿ, ಜೂನ್ 18ಕ್ಕೆ. ಅದೂ ಬರ. 2023ರಲ್ಲಿಯೂ ಜೂನ್ 8ಕ್ಕೇ ಬಂತು, ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಬಂದ ದಿನಕ್ಕೂ ಒಟ್ಟು ಮಳೆಗೂ ನೇರ ಸಂಬಂಧ ಇಲ್ಲ ಅಂತ ಇಲಾಖೆಯೇ ವರ್ಷ ವರ್ಷ ಹೇಳುತ್ತದೆ. ಮದುವೆ ಮನೆಗೆ ಮೊದಲು ಬಂದವನೇ ಜಾಸ್ತಿ ಹೋಳಿಗೆ ತಿನ್ನುತ್ತಾನೆ ಅಂತ ಉಂಟಾ?

ಕಾರಣ ಸರಳ. ಕೇರಳದ ಬಾಗಿಲಿಗೆ ಯಾವಾಗ ಬರುತ್ತದೆ ಎನ್ನುವುದು ಆ ಒಂದೆರಡು ವಾರ ಅರಬ್ಬಿ ಸಮುದ್ರದಲ್ಲಿ ಏನು ನಡೆಯುತ್ತಿದೆ ಎನ್ನುವುದರ ಮೇಲೆ ನಿಂತಿದೆ. ಒಂದು ವಾಯುಭಾರ ಕುಸಿತ ಸರಿಯಾದ ಜಾಗದಲ್ಲಿ ಎದ್ದರೆ ಮುಂಗಾರನ್ನು ಎಳೆದು ತರುತ್ತದೆ. ತಪ್ಪಾದ ಜಾಗದಲ್ಲಿ ಚಂಡಮಾರುತ ಎದ್ದರೆ ತೇವವನ್ನೆಲ್ಲ ಅದೇ ಹೀರಿಕೊಳ್ಳುತ್ತದೆ. ನಾಲ್ಕು ತಿಂಗಳ ಒಟ್ಟು ಮಳೆಯ ಕಥೆಯೇ ಬೇರೆ. ಅಲ್ಲಿ ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ಎಲ್ ನಿನೊ, ಹಿಂದೂ ಮಹಾಸಾಗರದ ಎರಡು ಬದಿಯ ಬಿಸಿಯ ವ್ಯತ್ಯಾಸ, ಬಂಗಾಳ ಕೊಲ್ಲಿಯಲ್ಲಿ ಎಷ್ಟು ವಾಯುಭಾರ ಕುಸಿತ ಎದ್ದವು, ನಡುವೆ ಮುಂಗಾರು ಎಷ್ಟು ದಿನ ಬಿಡುವು ತೆಗೆದುಕೊಂಡಿತು, ಇವೆಲ್ಲ ಸೇರುತ್ತವೆ. ಎಲ್ ನಿನೊ ಇದ್ದರೆ ಬರವೇ ಅಂತಲೂ ಬರೆಯಬೇಡಿ. 1997ರಲ್ಲಿ ಭಾರಿ ಎಲ್ ನಿನೊ ಇದ್ದೂ ಮಳೆ ಸರಾಸರಿಗೆ ಸರಿಯಾಗಿಯೇ ಬಂತು.

ಇನ್ನು 2025. ದೇಶದ ಲೆಕ್ಕ ಶೇ. 108. "ನೋಡಿ, ಬೇಗ ಬಂತು, ಜಾಸ್ತಿ ಆಯ್ತು!" ಅಂತ ಕುಣಿಯಬೇಡಿ. ಬಾಗಿಲು ತೆರೆದ ಕೇರಳದ ಲೆಕ್ಕ ಅದೇ ವರ್ಷ ಸರಾಸರಿಗಿಂತ ಕೆಳಗೆ ನಿಂತಿತು. ಅದು ಹೇಗೆ, ಮೇ ಕೊನೆಯಲ್ಲಿ ಅಷ್ಟು ಸುರಿಯಿತಲ್ಲ ಅಂತ ಕೇಳುತ್ತೀರಿ. ಮುಂಗಾರಿನ ಖಾತೆ ತೆರೆಯುವುದು ಜೂನ್ 1ಕ್ಕೆ, ಮುಚ್ಚುವುದು ಸೆಪ್ಟೆಂಬರ್ 30ಕ್ಕೆ. ಮೇ 24ರಿಂದ 31ರವರೆಗೆ ಬಿದ್ದದ್ದು ಮುಂಗಾರಿನ ಮಳೆಯೇ ಆದರೂ, ಮುಂಗಾರು ಪೂರ್ವದ ಖಾತೆಗೆ ಜಮೆ. ಪ್ರಿಲಿಮ್ಸ್‌ನಲ್ಲಿ ಇದನ್ನು ಹೇಳಿಕೆಯಾಗಿ ಕೊಟ್ಟರೆ ಅರ್ಧ ಜನ ಬೀಳುತ್ತಾರೆ. ಒಂದು ತಪ್ಪಿಗೆ ಮೂರನೇ ಒಂದು ಪಾಲು ಅಂಕ ಹೋಗುತ್ತದೆ ಎನ್ನುವುದು ನೆನಪಿರಲಿ.

ಮೇನ್ಸ್‌ಗೆ ಬರೆಯುವುದಾದರೆ ಮೇ 24, ಜೂನ್ 1 ಎರಡನ್ನೂ ಹೇಳಿ, ಕೇಂದ್ರಗಳ ನಿಯಮ ಒಂದು ಸಾಲು, 2009 ಮತ್ತು 2019 ಒಂದು ಸಾಲು ಹಾಕಿ. ಕನ್ನಡದಲ್ಲಿ ಬರೆಯುವವರು ಧೈರ್ಯವಾಗಿ ಬರೆಯಿರಿ. ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲೂ ಬರೆಯಬಹುದು. ಆದರೆ ಪ್ರಶ್ನೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ, ಹಾಗಾಗಿ ಹೆಸರುಗಳನ್ನು ಎರಡೂ ಭಾಷೆಯಲ್ಲಿ ಕಲಿತುಕೊಳ್ಳಿ.

ಇನ್ನೊಂದು ವಿಷಯ. ಇದನ್ನು ಯಾರೂ ಕೇಳಿಲ್ಲ. ಕೇಳಬೇಕಿತ್ತು.

ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ ಏಪ್ರಿಲ್ ಬಂದರೆ ಟ್ಯಾಂಕರಿಗೆ ಯಾಕೆ ಕಾಯುತ್ತೇವೆ? ಕೇರಳದ 44 ನದಿಗಳಲ್ಲಿ 41 ಪಶ್ಚಿಮಕ್ಕೆ, 3 ಪೂರ್ವಕ್ಕೆ ಅಂತ ಬಾಯಿಪಾಠ ಹೇಳುವವರು ಇಲ್ಲಿಗೆ ಬಂದಾಗ ಸುಮ್ಮನಾಗುತ್ತಾರೆ. ನಮ್ಮ ದೊಡ್ಡ ಹೊಳೆ ಚಂದ್ರಗಿರಿಯೇ ಕೊಡಗಿನಿಂದ ಸಮುದ್ರದವರೆಗೆ 105 ಕಿ.ಮೀ. ಮಾತ್ರ. ಮಂಜೇಶ್ವರದ ಹೊಳೆ 16 ಕಿ.ಮೀ. ಬಿದ್ದ ನೀರು ಇಳಿಜಾರಿನಲ್ಲಿ ಓಡಿ ಸಮುದ್ರ ಸೇರುತ್ತದೆ. ಉಳಿದದ್ದು ಮುರಕಲ್ಲಿನ ಒಳಗೆ ಇಳಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಈ ಕಡೆ ಸುತ್ತಿದ ಬುಕಾನನ್, ಮಲಪ್ಪುರಂನ ಅಂಗಾಡಿಪ್ಪುರದಲ್ಲಿ ನೋಡಿ 1807ರ ತನ್ನ ಪುಸ್ತಕದಲ್ಲಿ 'ಲ್ಯಾಟರೈಟ್' ಅಂತ ಹೆಸರಿಟ್ಟದ್ದು ಈ ಕಲ್ಲಿಗೇ. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತ ಅರ್ಥ. ಕಡಿಯುವಾಗ ಮೆತ್ತಗೆ, ಗಾಳಿಗೆ ಇಟ್ಟರೆ ಗಟ್ಟಿ. ನಮ್ಮ ಮನೆ ಗೋಡೆಯೇ ಪಾಠ.

ಆ ಕಲ್ಲಿನೊಳಗೆ ಇಳಿದ ನೀರನ್ನು ಹಿಡಿಯಲು ನಮ್ಮವರು ಮೇಲಿನಿಂದ ತೋಡುವ ಬದಲು ಗುಡ್ಡದ ಬದಿಯಿಂದ ಅಡ್ಡಕ್ಕೆ ಸುರಂಗ ಕೊರೆದರು. ಇರಾನಿನ ನೆಲದಡಿಯ ನೀರಿನ ಕಾಲುವೆ ಕನಾತ್ ಬಗ್ಗೆ ಓದಿ ನೋಟ್ಸ್ ಮಾಡಿಕೊಳ್ಳುವ ಹುಡುಗರು ಬಾಯಾರು, ಪೆರ್ಲದ ಸುರಂಗದೊಳಗೆ ಒಮ್ಮೆಯೂ ತಲೆ ಹಾಕಿಲ್ಲ ಅಂದರೆ ನನಗೆ ಬೇಜಾರಾಗುತ್ತದೆ. ಒಬ್ಬ ಆಳು ನಡೆಯುವಷ್ಟೇ ಅಗಲ. ಪಿಕ್ಕಾಸಿನ ಗುರುತು ಗೋಡೆಯಲ್ಲಿ ಹಾಗೇ ಇರುತ್ತದೆ. ಒಳಗೆ ಕೊರೆಯುವವರು ಮೇಣದ ಬತ್ತಿ ಇಟ್ಟುಕೊಳ್ಳುತ್ತಿದ್ದರು. ಬತ್ತಿ ನಂದಿದರೆ ಗಾಳಿ ಸಾಲದು ಅಂತ ಲೆಕ್ಕ, ಹೊರಗೆ ಓಡುವುದು. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಹೊರಗಿನ ದಂಬೆಗೆ, ಅಂದರೆ ಅಡಿಕೆ ಮರ ಸೀಳಿ ಮಾಡಿದ ನೀರಿನ ದಾರಿಗೆ, ಬೀಳುತ್ತದೆ.

ನಮ್ಮ ಅಜ್ಜನ ಮನೆಯ ಸುರಂಗ ಏಪ್ರಿಲ್‌ನಲ್ಲಿ ಕಿರುಬೆರಳಿನ ಗಾತ್ರಕ್ಕೆ ಇಳಿಯುತ್ತದೆ. ಮೇ 24ರ ಮಳೆಯ ಮರುದಿನ ಸೋದರಮಾವ ಕೊಡಪಾನ ಇಟ್ಟು ನೋಡಿದರು. ತುಂಬಲು ಹಿಂದಿನ ವಾರ ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟೇ ಹೊತ್ತು. ಹೊರಗೆ ತೋಡು ಕೆಂಪಾಗಿ ಉಕ್ಕುತ್ತಿತ್ತು. ಸುರಂಗದ ನೀರು ದಪ್ಪ ಆದದ್ದು ಜೂನ್ ಕೊನೆಗೆ.