ಏಳು ಅಂಕ ಏರಿದೆ, ಆಯಿಗೆ ಆರಾಮಾಗಿದೆಯೇ?

ವಿಜಯಪುರದ ಕಡೆಯ ಒಬ್ಬ ಆಯಿ, ಮೊಣಕಾಲು ಸವೆತ ಎಂದಿಟ್ಟುಕೊಳ್ಳಿ. 0–100ರ ಜೀವನ ಗುಣಮಟ್ಟದ ಪ್ರಶ್ನಾವಳಿಯಲ್ಲಿ (ಅಂಕ ಹೆಚ್ಚಿದಷ್ಟೂ ಒಳ್ಳೆಯದು) ಮೊದಲ ದಿನ 42, ಮೂರು ತಿಂಗಳ ನಂತರ 49. ಥೀಸಿಸ್‌ನಲ್ಲಿ ಇದನ್ನು ‘ಸುಧಾರಣೆ’ ಎಂದು ಬರೆಯಬಹುದೇ?

ಪಿ-ವ್ಯಾಲ್ಯೂ ಇದಕ್ಕೆ ಉತ್ತರ ಕೊಡುವುದಿಲ್ಲ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಎಂಬುದನ್ನಷ್ಟೇ ಅದು ಹೇಳುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 20 ಇದ್ದು, ಗುಂಪಿಗೆ 800 ಜನರಂತೆ ಎರಡು ಗುಂಪು ಮಾಡಿದರೆ ಬರೀ 2.2 ಅಂಕದ ವ್ಯತ್ಯಾಸಕ್ಕೂ ಪಿ-ವ್ಯಾಲ್ಯೂ 0.05ರ ವಾಡಿಕೆಯ ಮಿತಿಗಿಂತ ಕೆಳಗೆ ಬರುತ್ತದೆ. ಆ ಎರಡು ಅಂಕ ರೋಗಿಯ ಗಮನಕ್ಕೇ ಬರದಿರಬಹುದು. ರೋಗಿಗೆ ‘ತುಸು ಪಾಡ’ (ಸ್ವಲ್ಪ ವಾಸಿ) ಅನ್ನಿಸುವಷ್ಟು ಕನಿಷ್ಠ ಬದಲಾವಣೆ ಎಷ್ಟು ಎಂಬುದು ಬೇರೆ ಲೆಕ್ಕ. ಅದಕ್ಕೇ ಎಂಸಿಐಡಿ (ಮಿನಿಮಲ್ ಕ್ಲಿನಿಕಲಿ ಇಂಪಾರ್ಟೆಂಟ್ ಡಿಫರೆನ್ಸ್) ಎನ್ನುವುದು. 1989ರಲ್ಲಿ ಯೇಶ್ಕೆ, ಸಿಂಗರ್ ಮತ್ತು ಗಯಾಟ್ ಎಂಬ ಸಂಶೋಧಕರು 1ರಿಂದ 7ರವರೆಗಿನ ಅಳತೆಯಲ್ಲಿ ಅದು ಪ್ರತಿ ಪ್ರಶ್ನೆಗೆ ಸುಮಾರು 0.5 ಎಂದು ತೋರಿಸಿದರು.

ಅದನ್ನು ಕಂಡುಹಿಡಿಯಲು ಆಂಕರ್ ಪ್ರಶ್ನೆ, ಅಂದರೆ ಬದಲಾವಣೆಯನ್ನು ರೋಗಿಯ ಬಾಯಿಂದಲೇ ಹೇಳಿಸುವ ಪ್ರಶ್ನೆ, ಬೇಕು: ‘ಹೋದ ಸಲಕಿಂತ ಈಗ ಹ್ಯಾಂಗದರೀ?’ ‘ತುಸು ಪಾಡ’ ಎಂದವರ ಸರಾಸರಿ ಅಂಕ ಬದಲಾವಣೆಯೇ ನಿಮ್ಮ ಎಂಸಿಐಡಿ. ‘ಭಾಳ ಪಾಡ’ ಎಂದವರನ್ನು ಇದರೊಳಗೆ ಸೇರಿಸಿದರೆ ಅಂಕಿ ಉಬ್ಬುತ್ತದೆ. ಆಂಕರ್ ಉತ್ತರಕ್ಕೂ ಅಂಕ ಬದಲಾವಣೆಗೂ ಕೋರಿಲೇಷನ್ (ಎರಡೂ ಜೊತೆಜೊತೆಗೆ ಬದಲಾಗುವ ಮಟ್ಟ) ಕನಿಷ್ಠ 0.3 ಆದರೂ ಇರಲಿ. ಅದಕ್ಕಿಂತ ಕಡಿಮೆ ಇದ್ದರೆ ಎರಡೂ ಬೇರೆಬೇರೆ ಸಂಗತಿ ಅಳೆಯುತ್ತಿವೆ.

ನಮ್ಮ ಕಡೆ ಎಡವುವುದು ಇಲ್ಲೇ. ‘ಆರಾಮ ಇದ್ದೀರೇನ್ರಿ?’ ಎಂದು ಕೇಳಿದರೆ ಕೋಲು ಊರಿಕೊಂಡು ಬಂದವರೂ ‘ಆರಾಮ ರೀ’ ಅನ್ನುತ್ತಾರೆ. ಅದು ನಮಸ್ಕಾರಕ್ಕೆ ಪ್ರತಿ ನಮಸ್ಕಾರ, ದತ್ತಾಂಶವಲ್ಲ. ‘ಗಣನೀಯ ಸುಧಾರಣೆ ಕಂಡುಬಂದಿದೆಯೇ?’ ಎಂದರೆ ನಿಮ್ಮ ಮುಖ ನೋಡಿ ‘ಹೂಂ’ ಅಂದುಬಿಡುತ್ತಾರೆ. ‘ಭಾಳ ಪಾಡ, ತುಸು ಪಾಡ, ಇದ್ದಂಗ ಅದ, ತುಸು ಕೆಟ್ಟದ, ಭಾಳ ಕೆಟ್ಟದ’ ಎಂದು ಐದೂ ಆಯ್ಕೆ ಓದಿ ಹೇಳಿ. ಚಿಕಿತ್ಸೆ ಕೊಟ್ಟವರೇ ಕೇಳಬಾರದು, ದಾಕ್ಷಿಣ್ಯಕ್ಕೆ ಉತ್ತರ ಬದಲಾಗುತ್ತದೆ. ಆದರೆ ಮೂಲ ಪ್ರಶ್ನಾವಳಿಯ ಒಪ್ಪಿತ ಕನ್ನಡ ಅನುವಾದದ ಮಾತನ್ನು ಮಾತ್ರ ತಿದ್ದಬೇಡಿ.

ಇನ್ನು ಅಳತೆಯ ಅಲುಗಾಟ. ಡೀವಿಯೇಷನ್ 20, ವಿಶ್ವಾಸಾರ್ಹತೆ (ಸ್ಥಿತಿ ಬದಲಾಗದವರನ್ನು ಮತ್ತೆ ಕೇಳಿದರೆ ಅದೇ ಅಂಕ ಬರುವ ಮಟ್ಟ, ಗರಿಷ್ಠ 1) 0.91 ಇದ್ದರೆ ಅಳತೆಯ ದೋಷ 20 × √(1 − 0.91) = 6. ಒಬ್ಬ ರೋಗಿಯಲ್ಲಿ ‘ಇದು ಅಲುಗಾಟವಲ್ಲ, ನಿಜವಾದ ಬದಲಾವಣೆ’ ಎಂದು ಶೇ 95 ಭರವಸೆಯಿಂದ ಹೇಳಲು 1.96 × √2 × 6, ಅಂದರೆ ಸುಮಾರು 16.6 ಅಂಕ ಬೇಕು. ಆಯಿಯ 7 ಅಂಕ ಇದರ ಅರ್ಧಕ್ಕೂ ಬರಲಿಲ್ಲ. ಅದೇ 7 ಇಡೀ ಗುಂಪಿನ ಸರಾಸರಿಯಾಗಿದ್ದರೆ ಮಾತು ಬೇರೆ. ಸರಾಸರಿಯಲ್ಲಿ ಒಬ್ಬೊಬ್ಬರ ಅಲುಗಾಟ ಬಹುಪಾಲು ವಜಾ ಆಗಿರುತ್ತದೆ. ಗುಂಪಿನ ಮಿತಿಯನ್ನು ಒಬ್ಬರ ಮೇಲೆ ಹೇರುವುದು ವೈವಾದಲ್ಲಿ (ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುವ ತಪ್ಪು. ಆಂಕರ್ ಇಲ್ಲದಾಗ ‘ಅರ್ಧ ಡೀವಿಯೇಷನ್’ ನಿಯಮ ಬಳಸುತ್ತಾರೆ, ಇಲ್ಲಿ 10. ಅದು ಅಂದಾಜು, ರೋಗಿಯನ್ನು ಕೇಳಿಯೇ ಇಲ್ಲವಲ್ಲ!

ಪ್ರಕಟವಾದ ಮಿತಿ ಎತ್ತಿಕೊಳ್ಳುವಾಗ ದಿಕ್ಕು ನೋಡಿ. ಉಸಿರಾಟದ ರೋಗಕ್ಕೆ ಬಳಸುವ ಸೇಂಟ್ ಜಾರ್ಜ್ ಪ್ರಶ್ನಾವಳಿಯಲ್ಲಿ 4 ಅಂಕ ಇಳಿದರೆ ಒಳ್ಳೆಯದು. ಕ್ಯಾನ್ಸರಿನ ಕ್ಯೂಎಲ್‌ಕ್ಯೂ-ಸಿ30 ಪ್ರಶ್ನಾವಳಿಯಲ್ಲಿ ಕಾರ್ಯಕ್ಷಮತೆಯ ಅಂಕ ಏರಬೇಕು, ಲಕ್ಷಣಗಳ ಅಂಕ ಇಳಿಯಬೇಕು. ಇದೇ ಪ್ರಶ್ನಾವಳಿಗೆ ಸಂಶೋಧಕ ಒಸೊಬಾ ಅವರ ತಂಡದ 1998ರ ಲೆಕ್ಕದಲ್ಲಿ 5–10 ತುಸು, 10–20 ಮಧ್ಯಮ, 20 ದಾಟಿದರೆ ದೊಡ್ಡ ಬದಲಾವಣೆ.

ಕಡೆಗೆ ಹಂಗಾಮು. ಜನವರಿಯಲ್ಲಿ ಜೋಳದ ಸುಗ್ಗಿ, ಕಬ್ಬು ಕಡಿಯುವ ಕೆಲಸ ಜೋರಿದ್ದಾಗ ಮೊದಲ ಅಂಕ ತೆಗೆದು, ಏಪ್ರಿಲ್‌ನಲ್ಲಿ ಹೊಲದ ಕೆಲಸವಿಲ್ಲದಾಗ ಮತ್ತೆ ಕೇಳಿದರೆ ಮೊಣಕಾಲು ವಿಶ್ರಾಂತಿಯಿಂದಲೇ ಹಗುರಾಗಿರುತ್ತದೆ. ಹೋಲಿಕೆಯ ಗುಂಪನ್ನೂ ಅದೇ ತಿಂಗಳುಗಳಲ್ಲಿ ಕೇಳಿರಬೇಕು. ಎರಡೂ ಸಲ ‘ಈ ವಾರ ಹೊಲಕ್ಕ ಎಷ್ಟು ದಿನ ಹೋಗಿದ್ರಿ?’ ಎಂಬ ಒಂದು ಕಾಲಂ ಇಟ್ಟುಕೊಳ್ಳಿ.